ಟರ್ಬೊ ಪೆಟ್ರೋಲ್ ಎಂಜಿನ್ ಟ್ಯೂನಿಂಗ್: ಯಾವುದು ಮೊದಲು, ಯಾವುದು ಆಮೇಲೆ

"ಬೂಸ್ಟ್ ಏರಿಸಿದೆ, ಎರಡು ದಿನ ಚೆನ್ನಾಗಿ ಓಡಿತು, ಮೂರನೇ ದಿನದಿಂದ ಒಂದು ಸಿಲಿಂಡರ್ ಕೆಲಸ ಮಾಡ್ತಾ ಇಲ್ಲ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾರು ಬೇರೆ ಬೇರೆ, ಕಥೆ ಮಾತ್ರ ಒಂದೇ. ಮೊದಲು ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ, ಏರಿಸುತ್ತಾರೆ. ಆಮೇಲೆ ಪೆಟ್ರೋಲ್ ಸಾಕಾಗುತ್ತಿದೆಯಾ ಅಂತ ನೋಡಲು ಹೊರಡುತ್ತಾರೆ. ನೋಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಅಂಥ ಒಂದು ಎಂಜಿನ್ ಬಿಚ್ಚಿದಾಗ ಪಿಸ್ಟನ್ ಕೈಯಲ್ಲಿ ಹಿಡಿದು ನೋಡಿದ್ದೆ. ತಲೆಯ ಮೇಲೆ ಸ್ವಲ್ಪ ಮಸಿ ಬಿಟ್ಟರೆ ಏನೂ ಆಗಿರಲಿಲ್ಲ. ಪಕ್ಕಕ್ಕೆ ತಿರುಗಿಸಿದರೆ ಮೊದಲನೇ ರಿಂಗಿಗೂ ಎರಡನೇ ರಿಂಗಿಗೂ ನಡುವೆ ಇರುವ ಅಲ್ಯೂಮಿನಿಯಂ ಅಂಚು ಹೆಬ್ಬೆರಳಿನಷ್ಟು ಉದ್ದಕ್ಕೆ ಮುರಿದು ಹೋಗಿತ್ತು. ನಾಕಿಂಗ್ ಆದರೆ, ಅಂದರೆ ಕಿಡಿಯ ಬೆಂಕಿ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಸಿಡಿದರೆ, ಹೀಗೆಯೇ ಆಗುವುದು. ಎಷ್ಟೋ ಸಲ ಹೊರಗೆ ದೊಡ್ಡ ಶಬ್ದವೇನೂ ಬರುವುದಿಲ್ಲ, ಒಳಗೆ ಅಂಚು ಒಡೆಯುತ್ತದೆ, ಕಂಪ್ರೆಷನ್ (ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ನಿಲ್ಲುವ ಒತ್ತಡ) ಹೋಗುತ್ತದೆ.

ಕಂಪನಿಯಿಂದಲೇ ಟರ್ಬೊ ಹಾಕಿಕೊಂಡು ಬಂದ ಪೆಟ್ರೋಲ್ ಕಾರಿಗೆ ಮಾತ್ರ ಇಲ್ಲಿ ಬರೆದದ್ದು ಅನ್ವಯಿಸುತ್ತದೆ. ಡೀಸೆಲ್ ದಾರಿಯೇ ಬೇರೆ, ಅದನ್ನು ಇದಕ್ಕೆ ಬೆರೆಸಬೇಡಿ.

## ಶುರು ಮಾಡುವ ಮೊದಲು ಕೈಗೆ ಬೇಕಾದದ್ದು

ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮತ್ತು ಅದರ ಗೇಜ್ ಬೇಕೇ ಬೇಕು. ಹಳೆಯ ಕಾರುಗಳಲ್ಲಿ ಮೊದಲಿಂದ ಇರುವ ನ್ಯಾರೋಬ್ಯಾಂಡ್ ಸೆನ್ಸರ್ ಮಿಶ್ರಣ ತೆಳುವೋ (ಪೆಟ್ರೋಲ್ ಕಡಿಮೆ) ದಪ್ಪವೋ (ಪೆಟ್ರೋಲ್ ಜಾಸ್ತಿ) ಅಂತ ಮಾತ್ರ ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಈಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಓದಿ ಬರೆಯುವ ಸಾಧನ, ಲಾಗ್ (ಓಡುವಾಗ ಸೆನ್ಸರ್ ಸಂಖ್ಯೆಗಳ ದಾಖಲೆ) ತೆಗೆಯುವ ಸಾಫ್ಟ್‌ವೇರ್, ಕಂಪ್ರೆಷನ್ ಗೇಜ್, ಫೀಲರ್ ಗೇಜ್, ಟಾರ್ಕ್ ರೆಂಚ್, ಒಂದು ಒಳ್ಳೆಯ ಬ್ಯಾಟರಿ ಚಾರ್ಜರ್ ಕೂಡ ಇರಲಿ. ಗಾಳಿ ಸೋರಿಕೆ ಹುಡುಕಲು ಕಂಪ್ರೆಸರ್ ಮತ್ತು ಸೋಪು ನೀರು ಸಾಕು.

ಲೋಡ್ ಹಾಕಿ ಅಳೆಯಲು ಡೈನೊ (ಗಾಡಿ ನಿಂತಲ್ಲೇ ಓಡಿಸಿ ಟಾರ್ಕ್ ಅಳೆಯುವ ಯಂತ್ರ) ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಜನ ಓಡಾಡುವ ರಸ್ತೆಯಲ್ಲಿ, ಒಂದು ಕಣ್ಣು ಲ್ಯಾಪ್‌ಟಾಪ್ ಮೇಲೆ ಇಟ್ಟು ಗಾಡಿ ಓಡಿಸುವ ಕೆಲಸ ಮಾತ್ರ ದಯವಿಟ್ಟು ಬೇಡ. ಡೈನೊ ಸಿಗದಿದ್ದರೆ ಮುಚ್ಚಿದ ಟ್ರ್ಯಾಕ್ ನೋಡಿ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ. ನೀವಿರುವ ಕಡೆ ಹೊಗೆ ನಿಯಮ ಏನಿದೆ, ವಿಮೆಗೆ ಏನು ಆಗುತ್ತದೆ ಅಂತಲೂ ಈಗಲೇ ಕೇಳಿಕೊಳ್ಳಿ, ಆಮೇಲೆ ಅಲ್ಲ.

## 1. ಎಂಜಿನ್ ಗಟ್ಟಿ ಇದೆಯಾ ನೋಡಿ

ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಅಳೆದು ಬರೆದಿಡಿ. ಸಂಖ್ಯೆ ಎಷ್ಟಿದೆ ಅನ್ನುವುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರ ಇದೆ ಅನ್ನುವುದು ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 10ಕ್ಕಿಂತ ಜಾಸ್ತಿ ಕೆಳಗಿದ್ದರೆ ಅಲ್ಲೇ ನಿಲ್ಲಿಸಿ, ಕಾರಣ ಹುಡುಕಿ. ಎಂಜಿನ್ ಬಿಸಿ ಇರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ತುಂಬಿರಬೇಕು. ಇಲ್ಲದಿದ್ದರೆ ಅಳತೆಗೆ ಅರ್ಥವಿಲ್ಲ.

ಎಂಜಿನ್ ಆಯಿಲ್ ಹೊಸದು ಹಾಕಿ. ಕೂಲಂಟ್ ನೋಡಿ. ಟರ್ಬೊದ ಗಾಳಿ ಬರುವ ಪೈಪು ತೆಗೆದು ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಪಕ್ಕಕ್ಕೆ ಒಂಚೂರು ಅಲ್ಲಾಡುವುದು ಸಹಜ, ಯಾಕೆಂದರೆ ಆಯಿಲ್ ಒತ್ತಡ ಬಂದಾಗಲೇ ಅದು ಮಧ್ಯಕ್ಕೆ ಬಂದು ಕೂರುವುದು. ಆದರೆ ಹಿಂದಕ್ಕೂ ಮುಂದಕ್ಕೂ ಆಟ ಕೈಗೆ ಗೊತ್ತಾಗುತ್ತಿದ್ದರೆ, ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತು ಇದ್ದರೆ, ಆ ಟರ್ಬೊ ಮೇಲೆ ಜಾಸ್ತಿ ಬೂಸ್ಟ್ ಹಾಕಬೇಡಿ.

ಕ್ಲಚ್ ಕೂಡ ಈಗಲೇ ಪರೀಕ್ಷಿಸಿ. ಮೇಲಿನ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಅದು ಈಗಾಗಲೇ ಸೋತಿದೆ ಅಂತ ಅರ್ಥ. ಬ್ರೇಕು, ಟೈರು ಹೇಗಿದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

## 2. ಗಾಳಿ ಎಲ್ಲೂ ಸೋರಬಾರದು

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಟರ್ಬೊದಿಂದ ಇಂಟರ್‌ಕೂಲರ್ (ಗಾಳಿ ತಂಪು ಮಾಡುವ ರೇಡಿಯೇಟರ್), ಅಲ್ಲಿಂದ ಥ್ರಾಟಲ್ (ಗಾಳಿ ಒಳಬಿಡುವ ಕವಾಟ), ಅಲ್ಲಿಂದ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪು), ಈ ದಾರಿಯಲ್ಲಿ ಎಲ್ಲಿ ಸೋರಿದರೂ ಟರ್ಬೊ ಸುಮ್ನೆ ಜಾಸ್ತಿ ತಿರುಗಬೇಕಾಗುತ್ತದೆ. ಜಾಸ್ತಿ ತಿರುಗಿದರೆ ಗಾಳಿ ಜಾಸ್ತಿ ಬಿಸಿಯಾಗುತ್ತದೆ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ ಇನ್ನೊಂದು ತೊಂದರೆ. ಸೋರಿ ಹೋದ ಗಾಳಿಯೂ ಸೆನ್ಸರ್ ಲೆಕ್ಕದಲ್ಲಿ ಸೇರಿರುತ್ತದೆ, ಪೆಟ್ರೋಲ್ ಅದಕ್ಕೂ ಸೇರಿಸಿ ಬೀಳುತ್ತದೆ.

ಎಂಜಿನ್ ಆಫ್ ಮಾಡಿ, ಟರ್ಬೊದ ಬಾಯಿಗೆ ಮುಚ್ಚಳ ಹಾಕಿ, ನೀವು ಮುಟ್ಟಬೇಕೆಂದಿರುವ ಬೂಸ್ಟ್‌ನಷ್ಟೇ ಗಾಳಿಯನ್ನು ನಿಧಾನವಾಗಿ ತುಂಬಿ. ರೆಗ್ಯುಲೇಟರ್ ಇಲ್ಲದೆ ತುಂಬಬೇಡಿ. ಪ್ರತಿ ಜೋಡಣೆಗೂ ಸೋಪು ನೀರು ಸವರಿ. ಗುಳ್ಳೆ ಬಂದಲ್ಲಿ ಕ್ಲಾಂಪು ಬಿಗಿ ಮಾಡಿ, ಸೀಳಿದ ಹೋಸನ್ನು ಬದಲಾಯಿಸಿ. ವೇಸ್ಟ್‌ಗೇಟ್‌ಗೆ ಹೋಗುವ ಸಣ್ಣ ಹೋಸನ್ನು ಎರಡು ಸಲ ನೋಡಿ. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊಗೆ ಹೋಗದೆ ಪಕ್ಕಕ್ಕೆ ಬಿಡುವ ಬಾಗಿಲು ಅದು. ಒತ್ತಡದಿಂದ ತೆರೆದುಕೊಳ್ಳುವ ವೇಸ್ಟ್‌ಗೇಟ್ ಆದರೆ, ಆ ಹೋಸು ಕಳಚಿದ ಕ್ಷಣ ಅದು ತೆರೆಯುವುದೇ ಇಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ. ಆ ಪುಟ್ಟ ಹೋಸಿನ ಎರಡೂ ತುದಿಗೆ ಕ್ಲಿಪ್ ಇರಬೇಕು.

ಸೈಲೆನ್ಸರ್ ಕಡೆಯೂ ನೋಡಿ. ವೈಡ್‌ಬ್ಯಾಂಡ್ ಸೆನ್ಸರ್‌ಗಿಂತ ಮುಂಚೆ ಎಲ್ಲಾದರೂ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಮಿಶ್ರಣ ತೆಳುವಾಗಿದೆ ಅಂತ ಸುಳ್ಳು ತೋರಿಸುತ್ತದೆ.

## 3. ಪ್ಲಗ್ ಬದಲಾಯಿಸಿ

ಒಂದು ಹಂತ ತಂಪಾದ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ, ಪ್ಲಗ್ ಹಾಕಿ. ಗ್ಯಾಪ್ ಕಡಿಮೆ ಮಾಡಿ. ಬೂಸ್ಟ್ ಏರಿಸುವ ಎಂಜಿನ್‌ಗೆ 0.6 ರಿಂದ 0.7 ಮಿ.ಮೀ. ಸಾಮಾನ್ಯವಾಗಿ ಸರಿಹೋಗುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಆ ಗ್ಯಾಪ್ ದಾಟುವುದು ಕಷ್ಟ.

ಇಲ್ಲಿ ತುಂಬ ಜನ ದಾರಿ ತಪ್ಪುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಿಡಿ ಆರಿಹೋಗಿ ಮಿಸ್‌ಫೈರ್ ಆದರೆ ಆ ಸಿಲಿಂಡರಿನ ಆಕ್ಸಿಜನ್ ಉರಿಯದೆ ಹಾಗೇ ಹೊರಗೆ ಬರುತ್ತದೆ. ವೈಡ್‌ಬ್ಯಾಂಡ್ ಅಳೆಯುವುದು ಆಕ್ಸಿಜನ್ನನ್ನೇ. ಹಾಗಾಗಿ ಗೇಜ್ "ತೆಳು" ಅನ್ನುತ್ತದೆ. ನೀವು ಪೆಟ್ರೋಲ್ ಜಾಸ್ತಿ ಮಾಡುತ್ತೀರಿ. ಒದ್ದೆ ಪ್ಲಗ್ ಇನ್ನೂ ಕೆಟ್ಟದಾಗಿ ಕಿಡಿ ಬಿಡುತ್ತದೆ, ಗೇಜ್ ಇನ್ನೂ "ತೆಳು" ಅನ್ನುತ್ತದೆ. ನಾನೇ ಒಮ್ಮೆ ಒಂದಿಡೀ ಮಧ್ಯಾಹ್ನ ಇದರ ಹಿಂದೆ ಬಿದ್ದಿದ್ದೆ, ಕೊನೆಗೆ ಪ್ಲಗ್ ಗ್ಯಾಪ್ 1.0 ಇದ್ದದ್ದನ್ನು 0.65ಕ್ಕೆ ತಂದ ಮೇಲೆ ಎಲ್ಲವೂ ಒಂದೇ ಸಲಕ್ಕೆ ಸರಿಹೋಯಿತು. ಪೂರ್ತಿ ಬೂಸ್ಟ್‌ನಲ್ಲಿ ಗಾಡಿ ತಡವರಿಸಿದಂತೆ ಆಗಿ ಗೇಜ್ ತೆಳು ತೋರಿಸಿದರೆ ಮೊದಲು ಪ್ಲಗ್ಗನ್ನು, ಆಮೇಲೆ ಕಿಡಿಗೆ ವಿದ್ಯುತ್ ಕೊಡುವ ಕಾಯಿಲನ್ನು ಅನುಮಾನಿಸಿ. ಪೆಟ್ರೋಲ್ ಮುಟ್ಟಬೇಡಿ.

## 4. ಮೂಲ ಫೈಲ್ ಉಳಿಸಿ, ಏನೂ ಬದಲಾಯಿಸದೆ ಲಾಗ್ ತೆಗೆಯಿರಿ

ಈಸಿಯುವಿನ ಮೂಲ ಫೈಲ್ ಓದಿ ಎರಡು ಕಡೆ ಉಳಿಸಿ. ಓದುವಾಗಲೂ ಬರೆಯುವಾಗಲೂ ಬ್ಯಾಟರಿಗೆ ಚಾರ್ಜರ್ ಹಾಕಿಟ್ಟಿರಿ. ವೋಲ್ಟೇಜ್ 13ರ ಆಸುಪಾಸು ಗಟ್ಟಿಯಾಗಿ ನಿಲ್ಲಬೇಕು. ಬರೆಯುತ್ತಿರುವಾಗ ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಈಸಿಯು ಸತ್ತ ಹಾಗೆ.

ಆಮೇಲೆ ಎಂಜಿನ್ ಬಿಸಿ ಮಾಡಿ. ಕೂಲಂಟ್ ಅಲ್ಲ, ಆಯಿಲ್ 80 ಡಿಗ್ರಿ ದಾಟಲಿ. ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ 2500 ಆರ್‌ಪಿಎಂನಿಂದ ಕೆಂಪು ಗೆರೆಯ ಹತ್ತಿರದವರೆಗೆ ಪೂರ್ತಿ ಆಕ್ಸಿಲರೇಟರ್. ಲಾಗ್‌ನಲ್ಲಿ ಇರಬೇಕಾದದ್ದು: ಆರ್‌ಪಿಎಂ, ಬೂಸ್ಟ್, ಈಸಿಯು ಕೇಳಿದ ಬೂಸ್ಟ್, ಲ್ಯಾಂಬ್ಡಾ (ಮಿಶ್ರಣದ ಅಳತೆ, ಐದನೇ ಹಂತದಲ್ಲಿ ಹೇಳುತ್ತೇನೆ), ಇಗ್ನಿಷನ್ ಟೈಮಿಂಗ್ (ಕಿಡಿ ಬರುವ ಹೊತ್ತು), ಪ್ರತಿ ಸಿಲಿಂಡರಿನ ನಾಕ್ ರಿಟಾರ್ಡ್ (ನಾಕಿಂಗ್ ಕೇಳಿಸಿದಾಗ ಈಸಿಯು ಕಿಡಿಯನ್ನು ಎಷ್ಟು ತಡ ಮಾಡಿತು ಅನ್ನುವುದು), ಒಳಬರುವ ಗಾಳಿಯ ಉಷ್ಣತೆ, ಇಂಜೆಕ್ಟರ್ ತೆರೆದಿರುವ ಸಮಯ, ರೈಲ್ ಒತ್ತಡ (ಇಂಜೆಕ್ಟರ್‌ಗಳಿಗೆ ಬರುವ ಪೆಟ್ರೋಲಿನ ಒತ್ತಡ), ಥ್ರಾಟಲ್ ಕೋನ, ವೇಸ್ಟ್‌ಗೇಟ್ ಡ್ಯೂಟಿ (ಬೂಸ್ಟ್ ಹಿಡಿದಿಡಲು ಈಸಿಯು ವೇಸ್ಟ್‌ಗೇಟಿಗೆ ಕೊಡುವ ಆದೇಶ, ಶೇಕಡಾದಲ್ಲಿ). ಮೂರು ಸಲ ತೆಗೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಥರ ಇರದಿದ್ದರೆ ಇನ್ನೂ ಏನೋ ಸರಿಯಿಲ್ಲ ಅಂತ ತಿಳಿಯಿರಿ.

ಮುಂದೆ ಯಾವ ಬದಲಾವಣೆ ಮಾಡಿದರೂ ಹೋಲಿಸಿ ನೋಡಲು ಇದೇ ಆಧಾರ. ಇದಿಲ್ಲದೆ ಟ್ಯೂನ್ ಮಾಡುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

## 5. ಪೆಟ್ರೋಲ್ ಎಲ್ಲಿಯವರೆಗೆ ಸಾಲುತ್ತದೆ ಅಂತ ಲೆಕ್ಕ ಹಾಕಿ

ಇದು ಬೂಸ್ಟ್‌ಗಿಂತ ಮೊದಲು. ಯಾವಾಗಲೂ ಮೊದಲು.

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 1 ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅದನ್ನೇ ಲ್ಯಾಂಬ್ಡಾ 1 ಅನ್ನುತ್ತೇವೆ. ಪೂರ್ತಿ ಬೂಸ್ಟ್‌ನಲ್ಲಿ ಅಷ್ಟು ತೆಳು ಇಟ್ಟರೆ ಎಂಜಿನ್ ಉಳಿಯುವುದಿಲ್ಲ. ಲ್ಯಾಂಬ್ಡಾ 0.78 ರಿಂದ 0.82ರ ನಡುವೆ ಶುರು ಮಾಡಿ, ಅಂದರೆ ಪೆಟ್ರೋಲ್ ಲೆಕ್ಕದಲ್ಲಿ 11.5 ರಿಂದ 12. ಜಾಸ್ತಿ ಪೆಟ್ರೋಲ್ ಉರಿಯುವ ಬಿಸಿಯನ್ನು ಇಳಿಸುತ್ತದೆ, ನಾಕಿಂಗ್ ತಡೆಯುತ್ತದೆ.

ಗೇಜನ್ನು ಲ್ಯಾಂಬ್ಡಾದಲ್ಲೇ ಓದುವ ಅಭ್ಯಾಸ ಮಾಡಿಕೊಳ್ಳಿ. ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ಆ 14.7 ಕೆಳಗಿಳಿಯುತ್ತದೆ, ಶೇ. 20 ಎಥನಾಲ್ ಇದ್ದರೆ ಸುಮಾರು 13.5. ಗೇಜ್‌ಗೆ ಇದು ಗೊತ್ತಿರುವುದಿಲ್ಲ. ಲ್ಯಾಂಬ್ಡಾ ಮಾತ್ರ ಯಾವ ಪೆಟ್ರೋಲಿಗೂ ಒಂದೇ.

ಈಗ ಇಂಜೆಕ್ಟರ್. ಮ್ಯಾನಿಫೋಲ್ಡ್‌ಗೆ ಸಿಂಪಡಿಸುವ ಎಂಜಿನ್ ಆದರೆ ಲೆಕ್ಕ ಸುಲಭ. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಚಕ್ರ ಮುಗಿಯುತ್ತದೆ, 6000 ಆರ್‌ಪಿಎಂನಲ್ಲಿ ಎರಡು ಸುತ್ತಿಗೆ 20 ಮಿಲಿಸೆಕೆಂಡ್. ಇಂಜೆಕ್ಟರ್ 17 ಮಿಲಿಸೆಕೆಂಡ್ ತೆರೆದಿದ್ದರೆ ಅದು ಶೇ. 85 ಕೆಲಸ ಮಾಡುತ್ತಿದೆ. ಅಲ್ಲಿಗೆ ಮಿತಿ ಮುಗಿಯಿತು, ದೊಡ್ಡ ಇಂಜೆಕ್ಟರ್ ಹಾಕದೆ ಮುಂದೆ ಹೋಗಬೇಡಿ. ನೇರ ಸಿಲಿಂಡರಿಗೆ ಸಿಂಪಡಿಸುವ ಎಂಜಿನ್ ಆದರೆ ಈ ಲೆಕ್ಕ ನಡೆಯದು, ಅಲ್ಲಿ ಸಿಂಪಡಿಸಲು ಸಿಗುವ ಸಮಯವೇ ಕಡಿಮೆ. ಹೈ ಪ್ರೆಷರ್ ಪಂಪ್ ಕೂಡ ನೋಡಬೇಕು. ಈಸಿಯು ಕೇಳಿದ ರೈಲ್ ಒತ್ತಡ ಒಂದು ಗೆರೆ, ನಿಜವಾಗಿ ಸಿಕ್ಕಿದ್ದು ಇನ್ನೊಂದು ಗೆರೆ. ಮೇಲಿನ ಆರ್‌ಪಿಎಂನಲ್ಲಿ ಎರಡನೇ ಗೆರೆ ಜಾರಲು ಶುರು ಮಾಡಿದರೆ ಪಂಪ್ ಸೋತಿದೆ.

ಬೂಸ್ಟ್ ಜೊತೆಗೆ ಪೆಟ್ರೋಲ್ ಒತ್ತಡವೂ ಏರುವ ರೆಗ್ಯುಲೇಟರ್ ಇದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದು. ಮೂಲ ಒತ್ತಡ 3 ಬಾರ್ ಇದ್ದು ಬೂಸ್ಟ್ 1 ಬಾರ್ ಬಂದಾಗ 4 ಬಾರ್ ತೋರಿಸಬೇಕು. 3.5ರಲ್ಲೇ ನಿಂತರೆ ಪಂಪು ಅಥವಾ ಫಿಲ್ಟರ್ ನೋಡಿ.

## 6. ಕಾವಲು ಮೊದಲು ಹಾಕಿ

ಬೂಸ್ಟ್ ಏರಿಸುವ ಮುನ್ನ ಓವರ್‌ಬೂಸ್ಟ್ ಕಟ್ (ಬೂಸ್ಟ್ ಮಿತಿ ಮೀರಿದರೆ ಈಸಿಯು ತಾನೇ ಶಕ್ತಿ ಕಡಿಯುವ ವ್ಯವಸ್ಥೆ) ಇಡಿ, ನಿಮ್ಮ ಗುರಿಗಿಂತ 0.2 ಬಾರ್ ಮೇಲೆ. ಈಸಿಯುವಿನಲ್ಲಿ ಅವಕಾಶ ಇದ್ದರೆ ಮಿಶ್ರಣ ತೆಳುವಾದಾಗ ಕಟ್ ಆಗುವ ವ್ಯವಸ್ಥೆಯನ್ನೂ ಹಾಕಿ. ಕೆಲವರು "ಕಿರಿಕಿರಿ" ಅಂತ ಇದ್ದ ಕಟ್ಟನ್ನೇ ತೆಗೆದುಹಾಕುತ್ತಾರೆ. ಹೋಸು ಕಳಚಿದ ದಿನ ಎಂಜಿನ್ ಉಳಿಸುವುದು ಅದೊಂದೇ, ಅದನ್ನು ಮುಟ್ಟಬೇಡಿ.

## 7. ಈಗ ಬೂಸ್ಟ್

ಟೈಮಿಂಗನ್ನು ಬೂಸ್ಟ್ ಬರುವ ಜಾಗದಲ್ಲಿ 3 ರಿಂದ 4 ಡಿಗ್ರಿ ಹಿಂದಕ್ಕೆ ತಂದು (ಅಂದರೆ ಕಿಡಿ ಅಷ್ಟು ತಡವಾಗಿ ಬರುವಂತೆ ಮಾಡಿ) ಶುರು ಮಾಡಿ. ಬೂಸ್ಟನ್ನು 0.1 ಬಾರ್‌ನಂತೆ ಏರಿಸಿ. ಪ್ರತಿ ಸಲವೂ ಒಂದು ಓಟ, ಒಂದು ಲಾಗ್, ಕೂತು ಓದುವುದು. ಒಂದು ಸಲಕ್ಕೆ ಒಂದೇ ಬದಲಾವಣೆ.

0.1 ಬಾರ್ ಅಂದರೆ ಸಣ್ಣದು ಅನಿಸಬಹುದು. ಆದರೆ ಎಂಜಿನ್‌ಗೆ ಲೆಕ್ಕ ಹೊರಗಿನ ಗಾಳಿಯ 1 ಬಾರ್ ಸೇರಿಸಿಯೇ. 0.7 ರಿಂದ 0.9ಕ್ಕೆ ಹೋದರೆ 1.7 ರಿಂದ 1.9ಕ್ಕೆ ಹೋದಂತೆ. ಗಾಳಿಯ ಉಷ್ಣತೆ ಅಷ್ಟೇ ಇದ್ದರೆ ಶೇ. 12ರಷ್ಟು ಗಾಳಿ ಜಾಸ್ತಿ. ಉಷ್ಣತೆ ಅಷ್ಟೇ ಇರುವುದಿಲ್ಲ ಅನ್ನುವುದೇ ತೊಂದರೆ, ಅದಕ್ಕೇ ಇಂಟರ್‌ಕೂಲರ್ ಮುಖ್ಯ.

ಹೊಸ ಕಾರುಗಳಲ್ಲಿ ಬೂಸ್ಟ್ ಟೇಬಲ್ (ಎಷ್ಟು ಬೂಸ್ಟ್ ಬೇಕು ಅಂತ ಈಸಿಯು ಫೈಲಿನಲ್ಲಿರುವ ಪಟ್ಟಿ) ಒಂದನ್ನೇ ಏರಿಸಿದರೆ ಏನೂ ಆಗುವುದಿಲ್ಲ. ಈಸಿಯು ಟಾರ್ಕ್ ಲೆಕ್ಕದಲ್ಲಿ ಯೋಚಿಸುತ್ತದೆ. ಟಾರ್ಕ್ ಮಿತಿ ದಾಟಿತು ಅನಿಸಿದರೆ ತಾನಾಗಿಯೇ ಥ್ರಾಟಲ್ ಮುಚ್ಚುತ್ತದೆ. ಕಾಲು ಪೂರ್ತಿ ಒತ್ತಿದ್ದರೂ ಲಾಗ್‌ನಲ್ಲಿ ಥ್ರಾಟಲ್ ಕೋನ ಇಳಿಯುತ್ತಿದ್ದರೆ ಕಾರಣ ಇದೇ. ಟಾರ್ಕ್ ಮಿತಿಯ ಟೇಬಲ್‌ಗಳನ್ನೂ ಜೊತೆಗೇ, ಆದರೆ ಅಷ್ಟೇ ಸಣ್ಣ ಹೆಜ್ಜೆಯಲ್ಲಿ ಏರಿಸಬೇಕು.

ಎಲ್ಲಿ ನಿಲ್ಲಿಸಬೇಕು? ವೇಸ್ಟ್‌ಗೇಟ್ ಡ್ಯೂಟಿ ತುತ್ತತುದಿ ಮುಟ್ಟಿದ್ದರೂ ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ಕುಸಿಯುತ್ತಿದ್ದರೆ ಟರ್ಬೊದ ಶಕ್ತಿ ಅಷ್ಟೇ. ಬೂಸ್ಟ್ ಏರಿಸಿದರೂ ಗಾಳಿ ಬಿಸಿಯಾಗುತ್ತಿದೆಯೇ ಹೊರತು ಡೈನೊ ಸಂಖ್ಯೆ ಏರುತ್ತಿಲ್ಲ ಅಂದರೂ ಅಷ್ಟೇ. ಹಿಂದಿನ ಹೆಜ್ಜೆಗೆ ಬನ್ನಿ. ಇನ್ನೊಂದು ಬಲೆ ಮ್ಯಾಪ್ ಸೆನ್ಸರ್, ಅಂದರೆ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್. 2.5 ಬಾರ್ ಸೆನ್ಸರ್ ಇದ್ದರೆ ಹೊರಗಿನ ಗಾಳಿಯ ಒತ್ತಡ ಕಳೆದು 1.5 ಬಾರ್ ಬೂಸ್ಟ್‌ವರೆಗೆ ಮಾತ್ರ ಅದಕ್ಕೆ ಕಾಣುತ್ತದೆ. ಬೂಸ್ಟ್ ಗೆರೆ ಮೇಲೆ ಹೋಗಿ ರೂಲರ್ ಇಟ್ಟು ಎಳೆದಂತೆ ನೇರವಾದರೆ ಬೂಸ್ಟ್ ಸ್ಥಿರವಾಗಿದೆ ಅಂತ ಖುಷಿಪಡಬೇಡಿ, ಸೆನ್ಸರ್ ಮುಗಿದಿದೆ, ಅದರ ಮೇಲೆ ಎಷ್ಟಿದೆ ಅಂತ ಯಾರಿಗೂ ಕಾಣುತ್ತಿಲ್ಲ.

ಈಗ ನನ್ನ ಒಂದು ಗಟ್ಟಿ ಅಭಿಪ್ರಾಯ. ಕೆಳಗಿನ ಆರ್‌ಪಿಎಂನಲ್ಲಿ ದೊಡ್ಡ ಟಾರ್ಕ್ ಬೇಡವೇ ಬೇಡ. ಸೀಟಿಗೆ ಒತ್ತುವ ಆ ಮಜಾ ಎಲ್ಲರಿಗೂ ಇಷ್ಟ, ನನಗೂ ಇಷ್ಟ, ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗುವುದು ಅಲ್ಲೇ. ಸಿಲಿಂಡರಿಗೆ ನೇರ ಸಿಂಪಡಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ದೊಡ್ಡ ಲೋಡ್ ಬಿದ್ದರೆ ಕಿಡಿ ಬರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಅದಕ್ಕೆ ಟೈಮಿಂಗ್ ಹಿಂದೆ ತಂದರೂ ಪ್ರಯೋಜನವಿಲ್ಲ, ಯಾಕೆಂದರೆ ಅಲ್ಲಿ ಕಿಡಿಯ ಪಾತ್ರವೇ ಇಲ್ಲ. 2500ರ ಕೆಳಗೆ ಬೂಸ್ಟನ್ನು ಮೂಲ ಫೈಲ್‌ನಲ್ಲಿ ಇದ್ದಷ್ಟೇ ಬಿಡಿ.

ಹಾರ್ಸ್‌ಪವರ್ ಸಿಗುವುದು ಮೇಲೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್. 250 ನ್ಯೂಟನ್ ಮೀಟರ್ 3000ದಲ್ಲಿ ಬಂದರೆ ಸುಮಾರು 79 ಕಿಲೋವ್ಯಾಟ್. ಅದೇ 250ನ್ನು 5500ರವರೆಗೆ ಹಿಡಿದಿಟ್ಟರೆ 144, ಅಂದರೆ ಸುಮಾರು 195 ಹಾರ್ಸ್‌ಪವರ್. ರಾಡ್ ಮೇಲೆ ಟಾರ್ಕಿನ ಹೊರೆ ಎರಡರಲ್ಲೂ ಒಂದೇ. ಗುಡ್ಡದ ಹಾಗೆ ಚೂಪಾಗಿ ಎದ್ದು ಬೀಳುವ ಟಾರ್ಕ್ ಗೆರೆಗಿಂತ ಮೇಜಿನ ಹಾಗೆ ಚಪ್ಪಟೆಯಾದದ್ದು ನನಗೆ ಯಾವತ್ತೂ ಒಳ್ಳೆಯದು.

## 8. ಟೈಮಿಂಗ್ ಕೊನೆಗೆ

ಬೂಸ್ಟ್ ನಿಂತ ಮೇಲೆ, ಮಿಶ್ರಣ ಸರಿ ಇದ್ದ ಮೇಲೆ, ಟೈಮಿಂಗನ್ನು 1 ಡಿಗ್ರಿಯಂತೆ ಮುಂದಕ್ಕೆ ತನ್ನಿ. ಡೈನೊದಲ್ಲಿ ಟಾರ್ಕ್ ಏರಿದರೆ ಮುಂದಿನ ಡಿಗ್ರಿ. ಏರದಿದ್ದರೆ ವಾಪಸ್ ಬನ್ನಿ. ಏನೂ ಕೊಡದ ಡಿಗ್ರಿ ನಾಕಿಂಗ್‌ಗೆ ಹತ್ತಿರ ಕರೆದುಕೊಂಡು ಹೋಗುತ್ತದೆ ಅಷ್ಟೇ. ಬೂಸ್ಟ್ ಜಾಸ್ತಿ ಇರುವ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಟಾರ್ಕ್ ನಿಲ್ಲುವ ಮೊದಲೇ ನಾಕಿಂಗ್ ಬರುತ್ತದೆ. ಬಂದ ಜಾಗದಿಂದ 2 ಡಿಗ್ರಿ ಹಿಂದೆ ಬಂದು ನಿಲ್ಲಿ.

"ಹಿಂದಕ್ಕೆ ಇಟ್ಟರೆ ಸೇಫ್ ಅಲ್ವಾ, ಇನ್ನೂ ಹಿಂದಕ್ಕೆ ಇಡೋಣ" ಅನ್ನುವವರೂ ಇದ್ದಾರೆ. ಇಲ್ಲ. ತೀರಾ ತಡವಾಗಿ ಹೊತ್ತಿದ ಬೆಂಕಿ ಸೈಲೆನ್ಸರ್ ದಾರಿಯಲ್ಲೂ ಉರಿಯುತ್ತಿರುತ್ತದೆ. ಹೊಗೆಯಿಂದ ತಿರುಗುವ ಟರ್ಬೊದ ಚಕ್ರ, ಅಂದರೆ ಟರ್ಬೈನ್, ಕಾದು ಕೆಂಪಾಗುತ್ತದೆ. ಹೊಗೆಯ ಉಷ್ಣತೆ ಅಳೆಯುವ ಸೆನ್ಸರ್ ಇದ್ದರೆ ಟರ್ಬೈನ್ ಮುಂದೆ 900 ಡಿಗ್ರಿ ದಾಟಿ ಹೊತ್ತು ನಿಲ್ಲದಂತೆ ನೋಡಿಕೊಳ್ಳಿ.

ನಾಕ್ ಸೆನ್ಸರ್ ಕೆಲವೊಮ್ಮೆ ಸುಳ್ಳು ಹೇಳುತ್ತದೆ. ಸಡಿಲವಾದ ಬ್ರಾಕೆಟ್, ನಡುಗುವ ಶೀಟು, ಬ್ಲಾಕಿಗೆ ತಾಗುವ ಪೈಪು, ಇವೆಲ್ಲ ಅದಕ್ಕೆ ನಾಕಿಂಗ್ ಥರವೇ ಕೇಳಿಸುತ್ತವೆ. ಟೈಮಿಂಗ್ 3 ಡಿಗ್ರಿ ಹಿಂದೆ ತಂದರೂ ಅದೇ ಆರ್‌ಪಿಎಂನಲ್ಲಿ ಅಷ್ಟೇ ತೋರಿಸಿದರೆ ಸುಳ್ಳಿರಬಹುದು. ಹಾಗಂತ ಸೆನ್ಸರ್ ಸೂಕ್ಷ್ಮತೆ ಕಡಿಮೆ ಮಾಡಬೇಡಿ, ನಡುಗುವ ವಸ್ತು ಹುಡುಕಿ.

ಖಚಿತ ಸಾಕ್ಷಿ ಬೇಕಿದ್ದರೆ ಪ್ಲಗ್ ಬಿಚ್ಚಿ, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಬಿಳಿ ಪಿಂಗಾಣಿಯನ್ನು ನೋಡಿ. ಅದರ ಮೇಲೆ ಉಪ್ಪಿನ ಪುಡಿ ಚೆಲ್ಲಿದಂತೆ ಬೆಳ್ಳಿ ಬಣ್ಣದ ಹೊಳೆಯುವ ಚುಕ್ಕಿಗಳಿದ್ದರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಲಾಗ್ ಏನೇ ಹೇಳಲಿ, ಆವತ್ತಿಗೆ ಕೆಲಸ ನಿಲ್ಲಿಸಿ.

## 9. ಬಿಸಿಯಲ್ಲಿ ಮತ್ತೆ ನೋಡಿ

ತಂಪು ಹೊತ್ತಿನಲ್ಲಿ ತೆಗೆದ ಒಂದು ಒಳ್ಳೆಯ ಓಟ ಟ್ಯೂನ್ ಅಲ್ಲ. ನಡುವೆ ಬಿಡುವು ಕೊಡದೆ ನಾಲ್ಕು ಓಟ ತೆಗೆಯಿರಿ. ಒಳಬರುವ ಗಾಳಿ 30 ಡಿಗ್ರಿಯಿಂದ 60ಕ್ಕೆ ಏರಿದಾಗ ಟೈಮಿಂಗ್ ತಾನಾಗಿ ಹಿಂದಕ್ಕೆ ಬರುತ್ತಿದೆಯಾ, ನಾಕ್ ಶುರುವಾಯಿತಾ ನೋಡಿ. ಶುರುವಾದರೆ ಉಷ್ಣತೆಗೆ ತಕ್ಕಂತೆ ಟೈಮಿಂಗ್ ಕಡಿಮೆ ಮಾಡುವ ಟೇಬಲ್ ಸರಿಪಡಿಸಿ. ಟ್ಯೂನ್ ಮಾಡಿದ್ದಕ್ಕಿಂತ ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಬೇಕಾಗಿ ಬಂದರೆ ಮೂಲ ಫೈಲ್‌ಗೆ ವಾಪಸ್ ಹೋಗಿ.

## ಕಾಲು ತಕ್ಷಣ ತೆಗೆಯಬೇಕಾದ ಲಕ್ಷಣಗಳು

ಪೂರ್ತಿ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.90 ದಾಟಿದರೆ ಕಾಲು ತೆಗೆಯಿರಿ, ಓಟ ಮುಗಿಸೋಣ ಅನ್ನಬೇಡಿ. ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ಶಬ್ದ, ಒಂದೇ ಸಿಲಿಂಡರ್‌ನಲ್ಲಿ ಪದೇ ಪದೇ 3 ಡಿಗ್ರಿಗಿಂತ ಜಾಸ್ತಿ ನಾಕ್ ರಿಟಾರ್ಡ್, ಬೂಸ್ಟ್ ಗುರಿ ದಾಟಿ ಜಿಗಿಯುವುದು, ಆಯಿಲ್ ಒತ್ತಡ ಇಳಿಯುವುದು, ಇವಕ್ಕೂ ಅದೇ ಮಾತು. ಆಯಿಲ್ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ಬಂದಿದ್ದರೆ, ಅಥವಾ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬರುತ್ತಿದ್ದರೆ, ರಿಂಗ್ ದಾಟಿ ಒತ್ತಡ ಕೆಳಗಿಳಿಯುತ್ತಿದೆ. ಮತ್ತೆ ಒಂದನೇ ಹಂತಕ್ಕೆ ಹೋಗಿ ಕಂಪ್ರೆಷನ್ ಅಳೆಯಿರಿ, ಅವತ್ತು ಬರೆದಿಟ್ಟ ಸಂಖ್ಯೆಗೆ ಹೋಲಿಸಿ.

ಎಲ್ಲ ಸರಿ ಇದ್ದರೆ 500 ಕಿ.ಮೀ. ಓಡಿಸಿದ ಮೇಲೆ ಒಮ್ಮೆ ಬಾನೆಟ್ ತೆರೆದು ಎಲ್ಲ ಕ್ಲಾಂಪುಗಳನ್ನು ಮತ್ತೆ ಬಿಗಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ ನೋಡಿ, ಆಯಿಲ್ ಮಟ್ಟ ನೋಡಿ. ಒಂದು ಲಾಗ್ ತೆಗೆದು ಹಳೆಯ ಲಾಗ್ ಪಕ್ಕದಲ್ಲಿ ಇಟ್ಟು ಹೋಲಿಸಿ.